ದಿನಾ ಓಡಿಸಲು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಕರಾವಳಿಯವರು ನೋಡಬೇಕಾದ್ದು

ಮಂಗಳೂರು, ಉಡುಪಿ ಕಡೆ ದಿನಾ ಓಡಿಸಲು ಹಳೆಯ ಸ್ಪೋರ್ಟ್ಸ್ ಕಾರು ಹುಡುಕುವವರಿಗೆ ನನ್ನ ಮೊದಲ ಮಾತು: ಕಾರನ್ನು ಜುಲೈ ತಿಂಗಳಲ್ಲಿ ನೋಡಿ. ಹೆಚ್ಚಿನವರು ದೀಪಾವಳಿ ಕಳೆದು ಆಕಾಶ ತಿಳಿಯಾದ ಮೇಲೆ ಕಾರು ನೋಡಲು ಹೊರಡುತ್ತಾರೆ. ಆಗ ಪಾಲಿಶ್ ಹಾಕಿ ನಿಲ್ಲಿಸಿದ ಯಾವ ಕಾರೂ ಚಂದವೇ. ತುಳುವರ ಆಟಿ ತಿಂಗಳ ಮಳೆಯಲ್ಲಿ ನಾಲ್ಕು ದಿನ ಹೊರಗೆ ನಿಂತ ಕಾರಿನ ಬಾಗಿಲು ತೆರೆದು ನೋಡಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎ.ಸಿ. ಗಾಜಿನ ಮಂಜು ತೆಗೆಯುತ್ತದೆಯೇ, ಯಾವ ಸ್ವಿಚ್ ಕೈಕೊಡುತ್ತದೆ, ಎಲ್ಲವೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಉಪ್ಪಿನ ಗಾಳಿ ಬೀಸುವ ಊರು ನಮ್ಮದು. ಹಾಗಾಗಿ ಬೆಂಗಳೂರಿನವರು ಎಂಜಿನ್ ನೋಡಿ ಆಮೇಲೆ ಬಾಡಿ ನೋಡಿದರೂ ನಡೆಯುತ್ತದೆ, ಇಲ್ಲಿ ಬಾಡಿ ಮೊದಲು, ವೈರಿಂಗ್ ಆಮೇಲೆ, ಎಂಜಿನ್ ಮೂರನೆಯದು. ಎಂಜಿನ್ ಬಿಚ್ಚಿ ಕಟ್ಟಬಹುದು. ಅಡಿಯ ಬಾಡಿಗೆ ಒಳಗಿಂದ ತುಕ್ಕು ಹತ್ತಿದರೆ ಅದನ್ನು ಪೂರ್ತಿ ಸರಿ ಮಾಡಿಕೊಡುವ ಗ್ಯಾರೇಜ್ ಸಿಗುವುದು ಕಷ್ಟ.

ಯಾವ ಕಾರು ಹುಡುಕಬೇಕು

ಇಬ್ಬರಷ್ಟೇ ಆರಾಮವಾಗಿ ಕೂರುವ ನಿಜವಾದ ಸ್ಪೋರ್ಟ್ಸ್ ಕಾರುಗಳ ಮಾತು ಬೇಗ ಮುಗಿಸುತ್ತೇನೆ. ಬಿಎಂಡಬ್ಲ್ಯು ಜೆಡ್4, ಆಡಿ ಟಿಟಿ, ಮರ್ಸಿಡಿಸ್ ಎಸ್‌ಎಲ್‌ಕೆ ಹಳೆಯದಾದ ಮೇಲೆ ಆಸೆ ಹುಟ್ಟಿಸುವ ಬೆಲೆಗೆ ಸಿಗುತ್ತವೆ. ಆದರೆ ಬಿಡಿಭಾಗದ ಬೆಲೆ ಕಾರು ಹೊಸದಿದ್ದಾಗಿನ ಲೆಕ್ಕದಲ್ಲೇ ಇರುತ್ತದೆ. ತೆರೆಯುವ ಮೇಲ್ಛಾವಣಿಯ ರಬ್ಬರ್ ಒಮ್ಮೆ ಸಡಿಲವಾದರೆ ನಮ್ಮ ಮಳೆ ಸುಮ್ಮನೆ ಬಿಡುವುದಿಲ್ಲ. ಮನೆಯಲ್ಲಿ ಇನ್ನೊಂದು ಕಾರು, ಮುಚ್ಚಿದ ಶೆಡ್ ಎರಡೂ ಇದ್ದವರು ಯೋಚಿಸಬಹುದು. ದಿನಾ ಕೆಲಸಕ್ಕೆ ಹೋಗಲು ಬೇಡ.

ದಿನದ ಓಡಾಟಕ್ಕೆ ಸರಿಹೊಂದುವುದು ನಾಲ್ಕೈದು ಜನ ಕೂರುವ, ಎಂಜಿನ್‌ನಲ್ಲಿ ಕಸುವಿರುವ, ತಿರುವಿನಲ್ಲಿ ನೆಲ ಕಚ್ಚಿ ಓಡುವ ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್. ಇವುಗಳಲ್ಲಿ ಹೆಚ್ಚು ಜನರ ಕಣ್ಣಿರುವುದು ಫೋಕ್ಸ್‌ವ್ಯಾಗನ್ ಪೋಲೋ ಮೇಲೆ. 2013ರಲ್ಲಿ ಬಂದ ಜಿಟಿ ಟಿಎಸ್‌ಐಯಲ್ಲಿ 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, ಜೊತೆಗೆ 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್ ಒಳ್ಳೆಯದೇ, ತೊಂದರೆ ಇರುವುದು ಆ ಗೇರ್‌ಬಾಕ್ಸ್‌ನಲ್ಲಿ. ಅದರ ಎರಡು ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್‌ಗಳು. ಸೆಕೆಯಲ್ಲಿ, ಏರಿನಲ್ಲಿ, ಮೊದಲ ಮತ್ತು ಎರಡನೇ ಗೇರಿನ ನಡುವೆ ತೆವಳುತ್ತ ಹೋಗುವ ಟ್ರಾಫಿಕ್‌ನಲ್ಲಿ ಅವು ಬಿಸಿಯಾಗುತ್ತವೆ, ಸವೆಯುತ್ತವೆ. ಗೇರ್ ಬದಲಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಬಿಲ್ ಲಕ್ಷದ ಆಸುಪಾಸಿಗೆ ಹೋಗಬಹುದು. ಮಂಗಳೂರಿನಲ್ಲಿ ಹಂಪನಕಟ್ಟೆಯಿಂದ ಜ್ಯೋತಿಗೆ, ಉಡುಪಿಯಲ್ಲಿ ಕಲ್ಸಂಕದಿಂದ ಮಣಿಪಾಲಕ್ಕೆ ದಿನಾ ಹತ್ತುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

2020ರಲ್ಲಿ ಬಂದ 1.0 ಟಿಎಸ್‌ಐ ಪೋಲೋ ಬೇರೆ ಮಾತು. 110 ಪಿಎಸ್, 6 ಗೇರಿನ ಮ್ಯಾನುವಲ್ ಅಥವಾ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವುದು, ಹಳೆಯ ಕಾಲದ ತಂತ್ರ, ಆದರೆ ಏರಿನ ಟ್ರಾಫಿಕ್ ತಾಳಿಕೊಳ್ಳುತ್ತದೆ. ಪೋಲೋ ತಯಾರಿಕೆ ನಿಂತದ್ದು 2022ರಲ್ಲಿ, ಹಾಗಾಗಿ ಈ ಎಂಜಿನ್‌ನ ಕಾರುಗಳಿಗೆ ಇನ್ನೂ ವಯಸ್ಸಾಗಿಲ್ಲ. ನನ್ನನ್ನು ಕೇಳಿದರೆ ಒಂದೇ ಕೈಯಲ್ಲಿದ್ದ, ಮಾರ್ಪಾಡು ಮಾಡದ 1.0 ಟಿಎಸ್‌ಐ ಮ್ಯಾನುವಲ್‌ಗೆ ಮೊದಲ ಓಟು. ಎರಡನೆಯದು ಹ್ಯುಂಡೈ ಐ20 ಎನ್ ಲೈನ್: 2021ರಲ್ಲಿ ಬಂತು, 1.0 ಲೀಟರ್ ಟರ್ಬೊ, 120 ಪಿಎಸ್, ಊರೂರಲ್ಲಿ ಸರ್ವಿಸ್. ಅದರಲ್ಲೂ ಕ್ಲಚ್ ಪೆಡಲ್ ಇರುವ 6 ಗೇರಿನ ಮ್ಯಾನುವಲ್ ಬೇಕೆಂದರೆ 2023ರ ನಂತರದ್ದನ್ನು ಹುಡುಕಿ.

ಮಾರುತಿ ಬಲೆನೊ ಆರ್‌ಎಸ್ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. 2017ರಿಂದ 2020ರವರೆಗೆ ಮಾತ್ರ ಬಂದ ಕಾರು. 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೊ ಎಂಜಿನ್, 102 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಶಕ್ತಿಯಲ್ಲಿ ಪೋಲೋಗಿಂತ ತುಸು ಹಿಂದೆ, ಖರ್ಚಿನಲ್ಲಿ ಬಹಳ ಹಿಂದೆ. ಅದೇ ಕುಟುಂಬದ ಎಂಜಿನ್ 2023ರ ಫ್ರಾಂಕ್ಸ್‌ಗೂ ಬಂದದ್ದು ಆರ್‌ಎಸ್ ಇಟ್ಟುಕೊಂಡವರಿಗೆ ಸಮಾಧಾನದ ಸಂಗತಿ.

ಫಿಯಟ್ ಅಬಾರ್ತ್ ಪುಂಟೊ ಕಾರನ್ನು ಪ್ರೀತಿಯಿಂದ ಇಟ್ಟುಕೊಳ್ಳುವವರು ಇದ್ದಾರೆ, ಅವರ ಪ್ರೀತಿ ನನಗೂ ಅರ್ಥವಾಗುತ್ತದೆ. 1.4 ಟಿ-ಜೆಟ್ ಎಂಜಿನ್, 145 ಪಿಎಸ್, ಸ್ಟೀರಿಂಗ್ ಹಿಡಿದರೆ ರಸ್ತೆಯ ಒಂದೊಂದು ಕಲ್ಲೂ ಕೈಗೆ ತಿಳಿಯುತ್ತದೆ. ಆದರೆ ಫಿಯಟ್ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿದೆ, ಒಂದು ಸಣ್ಣ ಬಿಡಿಭಾಗಕ್ಕೂ ಹೊರಗಿನ ಊರಿಂದ ಪಾರ್ಸೆಲ್ ಕಾಯಬೇಕಾಗಬಹುದು. ಕಾಯಲು ಇನ್ನೊಂದು ಗಾಡಿ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಟರ್ಬೊ ಬೇಡ, ಎಂಜಿನ್ ತಾನಾಗಿ ತಿರುಗುವ ಖುಷಿಯೇ ಸಾಕು ಎನ್ನುವವರಿಗೆ ಹೋಂಡಾ ಸಿವಿಕ್ 1.8. 2006ರಿಂದ 2013ರವರೆಗೆ ಬಂದ ಈ ಕಾರಿನ ಎಂಜಿನ್‌ಗೆ ಎಣ್ಣೆ ಬದಲಿಸುತ್ತ ಹೋದರೆ ಸಾಕು, ತಂಟೆಯಿಲ್ಲ. ಹೊಟ್ಟೆ ಮಾತ್ರ ಹಂಪ್‌ಗಳಿಗೆ ತಾಗುತ್ತದೆ, ಮತ್ತೆ 15 ವರ್ಷದ ಆರ್‌ಸಿ ನವೀಕರಣ ಹತ್ತಿರದಲ್ಲಿರುತ್ತದೆ ಅಥವಾ ಮುಗಿದಿರುತ್ತದೆ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಬಜೆಟ್‌ಗೆ ಹೊಂದಿದರೆ ಅದರ ಡಿಎಸ್‌ಜಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನದ್ದು, ಪೋಲೋ ಜಿಟಿಯದ್ದಕ್ಕಿಂತ ಗಟ್ಟಿ. ಆದರೆ ಗೇರ್‌ಬಾಕ್ಸ್ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾದದ್ದಕ್ಕೆ ಬಿಲ್ ಇರಲೇಬೇಕು. ಹಳೆಯ ಲಾರಾ, ಸೂಪರ್ಬ್ 1.8 ಟಿಎಸ್‌ಐ ಎಂಜಿನ್‌ಗಳು ಆಯಿಲ್ ಕುಡಿಯುವ ದೂರು ಹಳೆಯದು. ಅಂಥದ್ದು ಅಗ್ಗಕ್ಕೆ ಸಿಕ್ಕಿದರೆ ಅಗ್ಗವಾದದ್ದು ಯಾಕೆಂದು ಮೊದಲು ಕೇಳಿ.

ಮಾರುವವರು ಯಾರು

ನಮ್ಮ ಕಡೆ ಮೂರು ಬಗೆಯ ಕಾರುಗಳು ಮತ್ತೆ ಮತ್ತೆ ಎದುರಾಗುತ್ತವೆ.

ಒಂದು, ಗಲ್ಫ್‌ನಲ್ಲಿರುವವರ ಕಾರು. ಎಂಟು ವರ್ಷವಾದರೂ ಮೀಟರ್‌ನಲ್ಲಿ 18 ಸಾವಿರ ಕಿಲೋಮೀಟರ್. ನೋಡಿದ ಕೂಡಲೇ ಅಡ್ವಾನ್ಸ್ ಕೊಡಬೇಕು ಅನ್ನಿಸುತ್ತದೆ. ಹನ್ನೊಂದು ತಿಂಗಳು ಶೆಡ್‌ನಲ್ಲಿ ನಿಂತು ಒಂದು ತಿಂಗಳು ಓಡುವ ಕಾರಿಗೆ ಇಲ್ಲಿಯ ತೇವ ದಿನಾ ಓಡುವ ಕಾರಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡಿರುತ್ತದೆ, ಟಯರ್ ನಿಂತ ಜಾಗದಲ್ಲಿ ಚಪ್ಪಟೆಯಾಗಿರುತ್ತದೆ, ಟ್ಯಾಂಕ್‌ನಲ್ಲಿ ಹಳೆಯ ಪೆಟ್ರೋಲ್ ಕೂತಿರುತ್ತದೆ. ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ತೇವ ಹೀರುತ್ತದೆ, ಅದಕ್ಕೇ ಇಲ್ಲಿ ಈ ತೊಂದರೆ ಜಾಸ್ತಿ. ಇನ್ನು ಇಲಿ. ಬಾನೆಟ್ ಎತ್ತಿ, ಎಂಜಿನ್ ಮೇಲಿನ ಮುಚ್ಚಳ ತೆಗೆಸಿ, ವೈರ್‌ಗಳಿಗೆ ಟೇಪ್ ಸುತ್ತಿದ ಗುರುತು ಹುಡುಕಿ. ಮಾಲೀಕರ ಅಣ್ಣನೋ ಭಾವನೋ ವಾರಕ್ಕೊಮ್ಮೆ ಒಂದು ಸುತ್ತು ಓಡಿಸುತ್ತಿದ್ದರೆ ಕಾರು ಚೆನ್ನಾಗಿರುತ್ತದೆ. ಬರೀ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಿಡುತ್ತಿದ್ದರೆ ಪ್ರಯೋಜನವಿಲ್ಲ.

ಎರಡು, ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟವರ ಕಾರು. ಇವು ಓಡಿದ ಕಾರುಗಳು, ಆ ಮಟ್ಟಿಗೆ ಆರೋಗ್ಯ. ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು) ಆಗಿದೆಯೇ, ಕ್ಲಚ್ ಎಷ್ಟು ಉಳಿದಿದೆ ಎಂದು ಮಾತ್ರ ಗಟ್ಟಿಯಾಗಿ ವಿಚಾರಿಸಿ. ಹೊರ ರಾಜ್ಯದ ನೋಂದಣಿಯೂ ಇರುವ ಸಾಧ್ಯತೆ ಹೆಚ್ಚು.

ಮೂರು, ಹೊರಗಿಂದ ತಂದು ಮಾರುವ ಕಾರು. ಕೇರಳ, ದೆಹಲಿ, ತಮಿಳುನಾಡಿನಿಂದ ಬಂದದ್ದು. 2018ರ ಆಗಸ್ಟ್‌ನ ಕೇರಳ ಪ್ರವಾಹ, 2015 ಮತ್ತು 2023ರ ಡಿಸೆಂಬರ್‌ನ ಚೆನ್ನೈ ಪ್ರವಾಹಗಳಲ್ಲಿ ಮುಳುಗಿದ ಕಾರುಗಳು ತೊಳೆದು ಒಣಗಿಸಿಕೊಂಡು ಬೇರೆ ಊರು ಸೇರುವುದು ಉಂಟು. ನಮ್ಮೂರಿನ ಕಾರಿಗೂ ಇದೇ ಪ್ರಶ್ನೆ ಕೇಳಿ: 2018ರ ಮೇ 29ರಂದು ಮಂಗಳೂರಿನಲ್ಲಿ ನೀರು ನುಗ್ಗಿದಾಗ, 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯ ಕಲ್ಸಂಕ ಮುಳುಗಿದಾಗ ಈ ಕಾರು ಎಲ್ಲಿತ್ತು? ಮಾರುವವರ ಮನೆ ತಗ್ಗಿನಲ್ಲಿದ್ದರೆ ನೀವೇ ನೋಡಿ ತಿಳಿಯಬಹುದು. ಅದಕ್ಕೇ ಕಾರನ್ನು ಪೆಟ್ರೋಲ್ ಪಂಪ್ ಹತ್ತಿರವೋ ಮಾಲ್ ಹತ್ತಿರವೋ ತರಿಸಿಕೊಳ್ಳಬೇಡಿ, ಅವರ ಮನೆಗೇ ಹೋಗಿ.

ತುಕ್ಕು ಮತ್ತು ನೀರು: ಎರಡು ಸಲ ಹೋಗಬೇಕು

ಒಂದು ಸಲ ಮಳೆಯಲ್ಲಿ, ಇನ್ನೊಂದು ಸಲ ಒಣ ಬೆಳಗ್ಗೆ. ಒದ್ದೆ ಕಾರಿನಲ್ಲಿ ಪೈಂಟ್‌ನ ವ್ಯತ್ಯಾಸ ಕಾಣುವುದಿಲ್ಲ, ಒಣ ಕಾರಿನಲ್ಲಿ ಸೋರುವುದು ಕಾಣುವುದಿಲ್ಲ.

ಮಳೆಯ ದಿನ ಮೂಗಿನಿಂದ ಶುರುಮಾಡಿ. ಒದ್ದೆ ಬಟ್ಟೆಯ ವಾಸನೆ ಬಂದರೆ, ಅಥವಾ ಅದನ್ನು ಮುಚ್ಚಲು ಮೂರು ನಾಲ್ಕು ಸುಗಂಧದ ಡಬ್ಬಿ ಇಟ್ಟಿದ್ದರೆ, ನೆಲದ ಮ್ಯಾಟ್ ಎತ್ತಿ ಕಾರ್ಪೆಟ್ ಅಡಿಗೆ ಕೈ ಹಾಕಿ ಒತ್ತಿ ನೋಡಿ. ಮುಂದಿನ ಎಡಭಾಗ ಮಾತ್ರ ಒದ್ದೆಯಿದ್ದರೆ ಎ.ಸಿ. ನೀರು ಹೋಗುವ ಪೈಪ್ ಕಟ್ಟಿರಬಹುದು, ಅದು ಸಣ್ಣ ಕೆಲಸ. ಎಲ್ಲ ಕಡೆ ಒದ್ದೆಯಿದ್ದರೆ ಬಾಗಿಲ ರಬ್ಬರ್, ಸನ್‌ರೂಫ್‌ನ ನೀರಿನ ದಾರಿ ನೋಡಬೇಕು. ಎಲ್ಲ ಗಾಜು ಇಳಿಸಿ ಏರಿಸಿ. ಹೆಡ್‌ಲೈಟ್ ಒಳಗೆ ನೀರಿನ ಹನಿ ನಿಂತಿದೆಯೇ ನೋಡಿ. ಎ.ಸಿ.ಯನ್ನು ಗಾಜಿನ ಕಡೆ ತಿರುಗಿಸಿ ಹಾಕಿ, ಮಂಜು ಎರಡು ನಿಮಿಷದಲ್ಲಿ ಹೋಗಬೇಕು. ಕರಾವಳಿಯ ಮಳೆಯಲ್ಲಿ ಎ.ಸಿ. ಇಲ್ಲದೆ ಮುಂದೆ ಏನೂ ಕಾಣದು, ಹಾಗಾಗಿ ನನಗೆ ಇದು ಬ್ರೇಕ್‌ನಷ್ಟೇ ಮುಖ್ಯ.

ಪ್ರವಾಹದ ಕಾರು ಹಿಡಿಯುವ ಸುಲಭ ದಾರಿ ಸೀಟ್ ಬೆಲ್ಟ್. ಕೊನೆಯವರೆಗೂ ಎಳೆಯಿರಿ. ಹೊರಗೆ ಎಷ್ಟು ತೊಳೆದರೂ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಮುಂದಿನ ಸೀಟಿನ ಅಡಿಯ ಕಬ್ಬಿಣದ ಹಳಿ, ಸ್ಟೆಪ್ನಿ ಇಡುವ ಗುಂಡಿ, ಡಿಕ್ಕಿಯ ಬಲ್ಬಿನ ಹಿಂಬದಿ ನೋಡಿ. ಇಲ್ಲಿಯ ಕೆಂಪು ಮಣ್ಣಿನ ಧೂಳು ಅಲ್ಲಲ್ಲಿ ಇರುವುದು ಸಹಜ. ತಲುಪಲಾಗದ ಮೂಲೆಗಳಲ್ಲಿ ಬೂದು ಬಣ್ಣದ ನಯವಾದ ಹೂಳು ಪದರವಾಗಿ ಕೂತಿದ್ದರೆ ಅದು ಹೊಳೆಯ ನೀರಿನದ್ದು. ಅಲ್ಲಿಂದ ಎದ್ದು ಬನ್ನಿ, ಬೆಲೆಯ ಮಾತೇ ಬೇಡ.

ಒಣ ದಿನ ಕಾರನ್ನು ಲಿಫ್ಟ್ ಇರುವ ಗ್ಯಾರೇಜ್‌ಗೆ ಕೊಂಡುಹೋಗಿ. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಆ ಕಾರು ಬೇಡ. ಗ್ಯಾರೇಜ್ ನಿಮ್ಮ ಆಯ್ಕೆಯದ್ದಾಗಿರಲಿ, ಮಾರುವವರು ಹೇಳಿದ್ದು ಬೇಡ. ಲಿಫ್ಟ್ ಮೇಲೆ ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಸಬ್‌ಫ್ರೇಮ್, ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಬ್ರೇಕ್ ಪೈಪ್, ಸೈಲೆನ್ಸರ್ ನೇತಾಡುವ ಕೊಂಡಿ ಒಂದೊಂದಾಗಿ ನೋಡಿ. ಸೈಲೆನ್ಸರ್ ಮೇಲೆ, ಬ್ರೇಕ್ ಡಿಸ್ಕ್ ಮೇಲೆ ತೆಳು ತುಕ್ಕು ಇದ್ದರೆ ಚಿಂತೆಯಿಲ್ಲ, ರಾತ್ರಿ ಮಳೆ ಬಂದರೆ ಬೆಳಗ್ಗೆ ಎಲ್ಲರ ಡಿಸ್ಕೂ ಹಾಗೇ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಪದರ ಪದರವಾಗಿ ಉದುರುವ ತುಕ್ಕು ಮಾತ್ರ ಅಪಾಯದ್ದು. ಹೊಚ್ಚ ಹೊಸ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಕಂಡರೆ ಇನ್ನಷ್ಟು ತಟ್ಟಿ ನೋಡಿ. ಮಾರುವ ವಾರದಲ್ಲಿ ಕೋಟಿಂಗ್ ಹೊಡೆಸುವವರು ಬಹಳ. ಪಣಂಬೂರು, ಮಲ್ಪೆ, ಕಾಪು ಕಡಲ ಬದಿಯ ಮನೆಗಳ ಕಾರುಗಳಿಗೆ ಇದನ್ನೆಲ್ಲ ಎರಡು ಪಟ್ಟು ಗಮನದಿಂದ ಮಾಡಿ.

ಟಿಂಕರಿಂಗ್ ಆದದ್ದು ಗೊತ್ತಾಗಬೇಕಾದರೆ ಬಾನೆಟ್, ಫೆಂಡರ್‌ಗಳ ಬೋಲ್ಟ್ ತಲೆ ನೋಡಿ. ಪೈಂಟ್ ಕಿತ್ತು ಸ್ಪ್ಯಾನರ್ ತಾಗಿದ ಗುರುತಿದ್ದರೆ ಬಿಚ್ಚಿ ಹಾಕಿದ್ದಾರೆ. ಬಂಪರ್ ಬದಲಾದದ್ದು ದೊಡ್ಡ ವಿಷಯವಲ್ಲ. ರೇಡಿಯೇಟರ್ ಹಿಂದಿನ ಚಾಸಿಸ್ ಭಾಗ ನೆಟ್ಟಗಿಲ್ಲದಿದ್ದರೆ, ವೆಲ್ಡಿಂಗ್ ಗೆರೆ ಎಡಬಲಕ್ಕೆ ಬೇರೆ ಬೇರೆ ಇದ್ದರೆ ಬೇಡ.

ತಣ್ಣಗಿನ ಎಂಜಿನ್, ಏರು ರಸ್ತೆ

ಹೋಗುವ ಮೊದಲು ಫೋನ್ ಮಾಡಿ ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ. ಬಾನೆಟ್ ಮೇಲೆ ಕೈಯಿಟ್ಟಾಗ ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಹತ್ತು ಸೆಕೆಂಡಿನಲ್ಲಿ ಚೈನ್ ಸದ್ದು, ನೀಲಿ ಹೊಗೆ ಇದ್ದರೆ ಗೊತ್ತಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಐದು ನಿಮಿಷ ನಿಂತಲ್ಲೇ ಓಡಲು ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿ. ಹಿಂದಿನಿಂದ ನೀಲಿ ಹೊಗೆ ಬುಸ್ಸೆಂದರೆ ಟರ್ಬೊದ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ಸ್ಕ್ಯಾನರ್ ಹಾಕಿಸಿ. ಎರರ್ ಕೋಡ್‌ಗಳು ನಿನ್ನೆಯಷ್ಟೇ ಅಳಿಸಿದ್ದರೂ ಕಾರಿನ ಸ್ವಯಂ ಪರೀಕ್ಷೆಗಳು ‘ಪೂರ್ಣವಾಗಿಲ್ಲ’ ಎಂದು ಸ್ಕ್ಯಾನರ್‌ನಲ್ಲಿ ಕಾಣುತ್ತದೆ.

ಟೆಸ್ಟ್ ಡ್ರೈವ್‌ಗೆ ನೇರ ಹೈವೇ ಹಿಡಿಯಬೇಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ 80ರ ವೇಗದಲ್ಲಿ ಎಲ್ಲ ಕಾರೂ ಸುಖವಾಗಿಯೇ ಓಡುತ್ತದೆ. ಉಡುಪಿಯವರು ಸಂಜೆ ಶಾಲೆ ಬಿಡುವ ಹೊತ್ತಿಗೆ ಕಲ್ಸಂಕದಿಂದ ಇಂದ್ರಾಳಿ ದಾಟಿ ಮಣಿಪಾಲ ಹತ್ತಿಸಿ. ಮಂಗಳೂರಿನವರಿಗೆ ಕೆಪಿಟಿ, ನಂತೂರು ಟ್ರಾಫಿಕ್ ಸಾಕು. ಆಟೊಮ್ಯಾಟಿಕ್ ಆದರೆ ಏರಿನಲ್ಲಿ ನಿಂತು ನಿಂತು ಹೊರಡುವಾಗ ನಡುಗುತ್ತದೆಯೇ, ಎರಡನೇ ಗೇರಿಗೆ ಹೋಗುವಾಗ ಗುದ್ದುತ್ತದೆಯೇ ಗಮನಿಸಿ. ಮ್ಯಾನುವಲ್ ಆದರೆ ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತ ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ಕೊಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಆಮೇಲೆ ಕಾರನ್ನು ನಿಮ್ಮ ಸ್ವಂತ ಮನೆಗೆ ತನ್ನಿ. ಇದನ್ನು ಯಾರೂ ಮಾಡುವುದಿಲ್ಲ. ಕದ್ರಿ, ಬಿಜೈ, ಬೆಂದೂರು ಕಡೆಯ ಎಷ್ಟೋ ಮನೆಗಳ ದಾರಿ ಕಡಿದಾದ ಏರು, ಗೇಟಿನ ಬಾಯಲ್ಲಿ ಚರಂಡಿಯ ಚಪ್ಪಡಿ. ಫ್ಲ್ಯಾಟ್‌ನವರಿಗೆ ಬೇಸ್‌ಮೆಂಟ್ ಇಳಿಜಾರು. ಸ್ಪೋರ್ಟ್ಸ್ ಕಾರಿನ ಮುಂದಿನ ಬಂಪರ್‌ನ ತುಟಿ ತಾಗುವುದು ಅಲ್ಲಿಯೇ. ಮನೆಯವರನ್ನೆಲ್ಲ ಕೂರಿಸಿಕೊಂಡು ಒಮ್ಮೆ ಇಳಿಸಿ ಹತ್ತಿಸಿ. ತಾಗಿದರೆ, ಅದು ದಿನಕ್ಕೆ ಎರಡು ಸಲ ತಾಗುವ ಕಾರು.

ಟಯರ್ ಬದಿಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ ಟಯರ್‌ನಲ್ಲಿ ಗೆರೆ ಎಷ್ಟೇ ಆಳವಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಕಾನೂನಿಗೆ 1.6 ಮಿಲಿಮೀಟರ್ ಆಳ ಸಾಕು, ನಮ್ಮ ಮಳೆಗೆ 3 ಮಿಲಿಮೀಟರ್‌ಗಿಂತ ಕಡಿಮೆ ಬೇಡ.

ಮಾರ್ಪಾಡು ಮಾಡಿದ ಕಾರು

ಬೇಡ. ರೀಮ್ಯಾಪ್ ಮಾಡಿ, ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೋಗುವ ಪೈಪ್) ಬದಲಿಸಿ, ಸ್ಪ್ರಿಂಗ್ ಕತ್ತರಿಸಿ ಇಳಿಸಿದ ಕಾರು ದಿನದ ಓಡಾಟಕ್ಕೆ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಅಪಘಾತವಾದಾಗ ವಿಮೆಯವರು ಮೊದಲು ಹಿಡಿಯುವುದೂ ಅದನ್ನೇ. ‘ಮತ್ತೆ ಕಂಪನಿಯಿಂದ ಬಂದ ಹಾಗೆ ಮಾಡಿ ಕೊಡುತ್ತೇನೆ’ ಎಂದು ಮಾಲೀಕರು ಹೇಳಿದರೂ, ಹೆಚ್ಚಿದ ಒತ್ತಡದಲ್ಲಿ ಓಡಿದ ಟರ್ಬೊ, ಕ್ಲಚ್ ಹೊಸದಾಗುವುದಿಲ್ಲ. ಅಲಾಯ್, ಮ್ಯೂಸಿಕ್ ಸಿಸ್ಟಮ್ ಬದಲಿಸಿದ್ದರೆ ನನ್ನ ತಕರಾರಿಲ್ಲ, ವೈರ್ ಕತ್ತರಿಸದೆ ಹಾಕಿದ್ದರೆ ಸಾಕು.

ಕಾಗದಪತ್ರ

ಮಂಗಳೂರಿನದ್ದು ಕೆಎ 19, ಉಡುಪಿಯದ್ದು ಕೆಎ 20. ಸಂಬಂಧಪಟ್ಟ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ನೋಂದಣಿ ದಾಖಲೆಯ ಪ್ರತಿ, ತೆಗೆಸಿ. ಎಷ್ಟನೇ ಮಾಲೀಕರು, ಸಾಲ ಬಾಕಿಯಿದೆಯೇ ಎಲ್ಲ ಅದರಲ್ಲಿರುತ್ತದೆ. ಬಾಕಿ ದಂಡ ಎಷ್ಟಿದೆಯೆಂದು ಬೇರೆಯಾಗಿ ನೋಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಾರಿನ ಮೇಲೆ ಕೆತ್ತಿದ್ದಕ್ಕೆ ಅಕ್ಷರ ಅಕ್ಷರ ತಾಳೆ ನೋಡಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ. ಹೊರ ರಾಜ್ಯದ ಕಾರಿಗೆ ಎನ್‌ಒಸಿಯ (ಆ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಜೊತೆಗೆ ಇಲ್ಲಿಯ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ದುಬಾರಿ ಕಾರಿಗೆ ಅದು ಲಕ್ಷಗಳಲ್ಲಿ ಬರುವುದರಿಂದ, ತೆರಿಗೆ ಎಷ್ಟೆಂದು ಆರ್‌ಟಿಒದಲ್ಲಿ ಕೇಳಿಕೊಂಡ ಮೇಲೆಯೇ ಬೆಲೆ ಮಾತಾಡಿ. ಕೇರಳ ಗಡಿಯ ತಲಪಾಡಿ ದಾಟಿದರೆ ಅಗ್ಗಕ್ಕೆ ಸಿಗುತ್ತದೆಂದು ಓಡುವವರ ಲೆಕ್ಕ ತಪ್ಪುವುದು ಇಲ್ಲೇ.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ, ನಿಮಗೆ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಸೇರಿಸಿಕೊಳ್ಳಿ, ನೀರು ಎಳೆದುಕೊಂಡ ಎಂಜಿನ್‌ಗೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ.

ಕೊಂಡ ಮೇಲೆ

ಕೈಯಲ್ಲಿರುವ ಹಣದ ಐದರಲ್ಲಿ ಒಂದು ಭಾಗವನ್ನು ಮೊದಲ ವರ್ಷಕ್ಕೆಂದು ತೆಗೆದಿಡಿ. ಹತ್ತು ಲಕ್ಷ ಕೈಯಲ್ಲಿದ್ದರೆ ಎಂಟು ಲಕ್ಷದ ಕಾರು ನೋಡಿ. ಮೊದಲ ವಾರವೇ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಎಣ್ಣೆ, ಎಲ್ಲ ಫಿಲ್ಟರ್ ಬದಲಿಸಿ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಹಳೆಯ ಎಣ್ಣೆಯಲ್ಲಿ ಆಗುಂಬೆಯ 14 ತಿರುವು ಇಳಿಯುವಾಗ ಪೆಡಲ್ ಮೆತ್ತಗಾಗಬಹುದು. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಹೊಸದು ಹಾಕಿಸಿ. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳು ಶೇ. 20 ಎಥನಾಲ್‌ಗೆಂದು ತಯಾರಾದವಲ್ಲ, ಅವುಗಳ ಇಂಧನ ಪೈಪ್‌ನ ರಬ್ಬರನ್ನು ಸರ್ವಿಸ್‌ನಲ್ಲಿ ಪ್ರತಿ ಸಲ ನೋಡಿಸಿ.

ಮರವಂತೆಯಲ್ಲಿ ಕಡಲ ಪಕ್ಕ ನಿಲ್ಲಿಸಿ ಬಂದ ಮರುದಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಲಿಫ್ಟ್ ಮೇಲೆ ಹತ್ತಿಸಿ ನೋಡಿಸಿ, ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದಿದ್ದರೆ ಅಡಿಭಾಗ ಪೂರ್ತಿ ಒಣಗಿದ ಮೇಲೆ, ಡಿಸೆಂಬರ್ ಹೊತ್ತಿಗೆ. ಪಡೀಲ್ ಅಂಡರ್‌ಪಾಸ್, ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ದಿನ ಸುತ್ತು ದಾರಿ ಹಿಡಿಯಿರಿ. ಕೆಳಗೆ ಕೂತ ಈ ಕಾರುಗಳು ಗಾಳಿ ಎಳೆಯುವ ಬಾಯಿ ಬಂಪರ್‌ನ ಹತ್ತಿರವೇ ಇರುತ್ತದೆ. ನೀರಿನ ನಡುವೆ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಒಂದು ಸಲವೂ ಬೇಡ. ನ್ಯೂಟ್ರಲ್‌ಗೆ ಹಾಕಿ, ತಳ್ಳಿ ಬದಿಗೆ ತಂದು, ಟೋಯಿಂಗ್ ಗಾಡಿಗೆ ಫೋನ್ ಮಾಡಿ.